ದಾಖಲಾತಿ ಧಾರಾಳ, ತಾಲೀಮಿಗೆ ಬರ

ಅಮೆರಿಕದ ಕಾಲೇಜುಗಳಿಗೆ ಒಂದು ವಿಚಿತ್ರ ಭಯ: ಹುಡುಗರು ಅತಿಯಾಗಿ ಆಡಿಬಿಟ್ಟರೆ ಏನು ಗತಿ? ಅದಕ್ಕೇ ಅಲ್ಲಿನ ಕಾಲೇಜು ಕ್ರೀಡೆಯನ್ನು ಆಳುವ ಎನ್‌ಸಿಎಎ ದೊಡ್ಡ ಕಾಲೇಜುಗಳಿಗೆ ಆಟದ ಹಂಗಾಮಿನಲ್ಲಿ ದಿನಕ್ಕೆ 4 ತಾಸು, ವಾರಕ್ಕೆ 20 ತಾಸು ಎಂದು ಅಭ್ಯಾಸಕ್ಕೆ ಮಿತಿ ಹಾಕಿದೆ. ಮೂರನೆಯ ದರ್ಜೆಯ ಸಣ್ಣ ಕಾಲೇಜುಗಳಂತೂ ಆಟದ ಹೆಸರಲ್ಲಿ ವಿದ್ಯಾರ್ಥಿವೇತನ ಕೊಡುವಂತೆಯೇ ಇಲ್ಲ. ನಿಯಮದ ಹೊತ್ತಗೆ, ತನಿಖೆ, ದಂಡ. ಪಾಪ, ಎಷ್ಟೊಂದು ಖರ್ಚು! ಅವರು ನಮ್ಮ ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆ ಒಮ್ಮೆ ಬಂದಿದ್ದರೆ ಮಿತಿ ಹಾಕುವ ವಿದ್ಯೆಯನ್ನು ಪುಕ್ಕಟೆ ಕಲಿಸುತ್ತಿದ್ದೆವು.

ಅವರದು ಫುಟ್‌ಬಾಲ್, ನಮ್ಮದು ಕಬಡ್ಡಿ. ನಮ್ಮ ಮಿತಿಯನ್ನು ಯಾರೂ ಬರೆದಿಟ್ಟಿಲ್ಲ, ಹಾಗಾಗಿ ಯಾರೂ ಮುರಿಯುವುದಿಲ್ಲ. ಹಿಡಕಲ್ ಅಣೆಕಟ್ಟಿನ ನೀರು ಕುಡಿದ ಕಬ್ಬು ಕಟಾವಿಗೆ ಬಂದರೆ ಅರ್ಧ ತಂಡ ಹೊಲದಲ್ಲಿ. ಸೆಮಿಸ್ಟರ್ ಪರೀಕ್ಷೆ ಬಂದರೆ ಉಳಿದರ್ಧ ಝೆರಾಕ್ಸ್ ಅಂಗಡಿಯಲ್ಲಿ. ದೈಹಿಕ ಶಿಕ್ಷಣ ನಿರ್ದೇಶಕರು ಪ್ರವೇಶಾತಿ, ಚುನಾವಣೆ ಕೆಲಸ, ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್‌ನ ಫೈಲು ಎಲ್ಲ ಮುಗಿಸಿ ಸೀಟಿ ಹುಡುಕುವಷ್ಟರಲ್ಲಿ ಹೊತ್ತು ಮುಳುಗಿರುತ್ತದೆ. ಇಷ್ಟರ ನಡುವೆಯೂ ಬೆವರು ಹರಿಸುವ ನಿರ್ದೇಶಕರಿದ್ದಾರೆ. ಅವರನ್ನು ನೋಯಿಸುವ ಉದ್ದೇಶ ನನಗಿಲ್ಲ. ಆ ಕೆಲಸವನ್ನು ಅವರ ಆಡಳಿತ ಮಂಡಳಿ ಚೆನ್ನಾಗಿಯೇ ಮಾಡುತ್ತದೆ.

ಆದರೆ ರಾಣಿ ಚನ್ನಮ್ಮ ವಿಶ್ವವಿದ್ಯಾಲಯದ ಅಂತರ ಕಾಲೇಜು ಪಂದ್ಯಾವಳಿಯ ಸುತ್ತೋಲೆ ಬರಲಿ, ಕಾಲೇಜಿಗೆ ಎಲ್ಲಿಲ್ಲದ ಹುರುಪು. ಚಹಾದಂಗಡಿಯೇ ಪ್ರವೇಶಾತಿ ವಿಭಾಗ.

"ತಮ್ಮಾ, ಪಿಯುಸಿ ಆಗೇತಿಲ್ಲೋ?"

"ಆಗಿ ಮೂರ್ ವರ್ಷಾತ್ರಿ ಸರ್."

"ವಯಸ್ಸು ಇಪ್ಪತ್ತೈದ್ ದಾಟಿಲ್ಲಲಾ? ಹಂಗಾರ ನೀ ನಮ್ಮ ಬಿಎ ವಿದ್ಯಾರ್ಥಿ. ಫೀ ನಾವ್ ನೋಡ್ಕೋತೀವಿ."

"ಕ್ಲಾಸಿಗೆ ಬರಬೇಕೇನ್ರಿ?"

"ಛೇ, ಅಷ್ಟ್ ತ್ರಾಸ್ ಯಾಕ ತಗೋತಿ? ಮ್ಯಾಚಿಗೆ ಬಾ ಸಾಕು."

ದಿನಾ ಬಸ್ಸಿಗೆ ಜೋತುಬಿದ್ದು ಬರುವ ಹುಡುಗನಿಗೆ ಶೇಕಡಾ 75 ಹಾಜರಾತಿ ಕಡ್ಡಾಯ. ರೈಡರ್‌ಗೆ ಎದುರಾಳಿಯ ಅಂಗಳದಲ್ಲಿ 30 ಸೆಕೆಂಡಿನ ಹಾಜರಾತಿ ಸಾಕು.

ಹುಡುಗ ಒಪ್ಪುವುದು ಪೆದ್ದುತನದಿಂದಲ್ಲ. ಅಂತರ ಕಾಲೇಜಿನಲ್ಲಿ ಕಾಣಿಸಿಕೊಂಡರೆ ವಿಶ್ವವಿದ್ಯಾಲಯದ ತಂಡ, ಅಲ್ಲಿಂದ ಅಂತರ ವಿಶ್ವವಿದ್ಯಾಲಯ ಪಂದ್ಯ, ಅಲ್ಲಿ ಪದಕ ಬಂದರೆ ಆ ಪ್ರಮಾಣಪತ್ರ ಹಿಡಿದು ರೈಲ್ವೆಯ ಕ್ರೀಡಾ ಕೋಟಾದ ಬಾಗಿಲು. ಊರಿನ ಸಂಘದ ಪರವಾಗಿ ಜಾತ್ರೆಯ ಟೂರ್ನಿಗಳಲ್ಲಿ ಎಷ್ಟು ಬಹುಮಾನ ಗೆದ್ದರೂ ಆ ಬಾಗಿಲು ತೆರೆಯದು; ಕಾಲೇಜಿನ ಮೊಹರೇ ಹತ್ತಿರದ ದಾರಿ. ಆ ಮೊಹರಿನ ಬೆಲೆ ಕಾಲೇಜಿಗೂ ಗೊತ್ತು. ಏಕೆಂದರೆ ನ್ಯಾಕ್ ಪದಕ ಎಣಿಸುತ್ತದೆ, ಪ್ರಮಾಣಪತ್ರದ ನಕಲು ಕೇಳುತ್ತದೆ. ಆ ಹುಡುಗನ ಮೊಣಕಾಲು ಯಾವ ಊರಿನ ಮಣ್ಣಲ್ಲಿ ತರಚಿತು, ಶಾಲೆ ಬಿಟ್ಟ ಯಾವ ಅಣ್ಣ ಸಂಜೆ ಹೊತ್ತು ನಿಂತು ಅವನಿಗೆ ಪಟ್ಟು ಹೇಳಿಕೊಟ್ಟ ಎಂಬುದಕ್ಕೆ ಅಲ್ಲಿ ಕಾಲಂ ಇಲ್ಲ. ಹೀಗಾಗಿ ಊರು ಹತ್ತು ವರ್ಷ ಬೆಳೆಸಿದ ಆಟ, ಕಾಲೇಜು ಹತ್ತು ದಿನದಲ್ಲಿ ಕೊಯ್ದ ಫಸಲು.

ಗೆದ್ದ ಮರುದಿನ ಸರ್ಕಲ್‌ನಲ್ಲಿ ಫ್ಲೆಕ್ಸ್ ಏಳುತ್ತದೆ. ಮೇಲೆ ಅಧ್ಯಕ್ಷರು, ಉಪಾಧ್ಯಕ್ಷರು, ನಿರ್ದೇಶಕ ಮಂಡಳಿ, ಪ್ರಾಚಾರ್ಯರು. ಕೆಳಗೆ, ಫೋಟೊದಲ್ಲಿ ಹಿಡಿಸದೆ ಒತ್ತರಿಸಿಕೊಂಡು ನಿಂತ ಏಳು ಮಂದಿ. "ನಮ್ಮ ಕಾಲೇಜಿನ ಹೆಮ್ಮೆ" ಎಂದು ಬರೆದಿರುತ್ತದೆ. ಹೆಮ್ಮೆಗೆ ತನ್ನ ತರಗತಿ ಯಾವ ಕೋಣೆಯಲ್ಲಿದೆ ಎಂಬುದಿನ್ನೂ ಗೊತ್ತಿರುವುದಿಲ್ಲ.

ಅಮೆರಿಕದವರಂತೆ ನಾವೂ ಒಂದು ನಿಯಮ ಮಾಡೋಣ. ಕಾಲೇಜು ತನ್ನ ಮೈದಾನದಲ್ಲಿ ಒಂದು ತಾಸು ಅಭ್ಯಾಸ ಮಾಡಿಸಿದರೆ ಒಂದು ಅಡಿ ಫ್ಲೆಕ್ಸ್. ಇಪ್ಪತ್ತು ತಾಸು ಮಾಡಿಸಿದವರು ಇಪ್ಪತ್ತು ಅಡಿ ಕಟ್ಟಲಿ, ಅಧ್ಯಕ್ಷರ ಮೀಸೆಯ ಒಂದೊಂದು ಕೂದಲೂ ಕಾಣಲಿ. ಉಳಿದವರ ಸಂಭ್ರಮ ಪೋಸ್ಟ್ ಕಾರ್ಡಿನಲ್ಲಿ ಮುಗಿದೀತು. ಅದನ್ನು ಆಟಗಾರನ ಊರಿನ ಸಂಘಕ್ಕೆ ಹಾಕಿದರೆ, ಅಂಚೆಯ ಮೂಲಕವಾದರೂ ಕಾಲೇಜು ಒಮ್ಮೆ ಕಬಡ್ಡಿ ಅಂಗಳ ಮುಟ್ಟಿದಂತಾಗುತ್ತದೆ.