ಪದಕ್ಕೆ ಒಂದೂವರೆ ರೂಪಾಯಿ

ಗಾಂಧಿಬಜಾರಿನ ಪುಸ್ತಕದಂಗಡಿಯಲ್ಲಿ ಮಕ್ಕಳ ಕಪಾಟಿನ ಮುಂದೆ ಒಬ್ಬರು ಕನ್ನಡಕ ಮೂಗಿನ ತುದಿಗಿಳಿಸಿಕೊಂಡು ತುಟಿಯಾಡಿಸುತ್ತ ನಿಂತಿದ್ದರೆ, ಅವರು ಓದುತ್ತಿದ್ದಾರೆ ಎಂದುಕೊಳ್ಳಬೇಡಿ. ಪದ ಎಣಿಸುತ್ತಿದ್ದಾರೆ. ಅವರೇ ರಾಯರು, ಬ್ಯಾಂಕಿನಿಂದ ನಿವೃತ್ತರು. ಮೂರು ವರ್ಷದ ಮೊಮ್ಮಗಳಿಗೆ ಚಿತ್ರಪುಸ್ತಕ ಕೊಳ್ಳಲು ಬಂದಿದ್ದಾರೆ. ಇಂಥ ರಾಯರು ಬಡಾವಣೆಗೆ ನಾಲ್ವರಾದರೂ ಸಿಗುತ್ತಾರೆ. ಕೆಲವರಿಗೆ ಇನ್ನೂ ತಲೆಗೂದಲು ನೆರೆತಿಲ್ಲ, ಅಷ್ಟೇ.

ಸೊಸೆ ಬರೆದುಕೊಟ್ಟ ಚೀಟಿಯಲ್ಲಿದ್ದದ್ದು ಎರಿಕ್ ಕಾರ್ಲ್ ಅವರ ‘ದ ವೆರಿ ಹಂಗ್ರಿ ಕ್ಯಾಟರ್‌ಪಿಲ್ಲರ್’. 1969ರ ಪುಸ್ತಕ, ಇಡೀ ಕಥೆಗೆ 224 ಪದ. ರಾಯರು ಹಿಂಬದಿಯ ಬೆಲೆ ನೋಡಿದರು, ಮನಸ್ಸಿನಲ್ಲೇ ಭಾಗಿಸಿದರು.

“ಏನಪ್ಪಾ, ಪದಕ್ಕೆ ಒಂದೂವರೆ ರೂಪಾಯಿ ಮೇಲಾಯ್ತಲ್ಲ! ನಾವು ಟೆಲಿಗ್ರಾಂ ಕೊಡುವಾಗಲೂ ಇಷ್ಟಿರಲಿಲ್ಲ. ಅದೂ ಹಾಳೆ ತುಂಬ ತೂತು. ಡ್ಯಾಮೇಜ್ ಪೀಸಿಗೆ ಏನು ಕಡಿಮೆ ಮಾಡ್ತೀಯ?”

ತೂತೇ ಆ ಪುಸ್ತಕದ ಬಂಡವಾಳ ಎಂದು ಅಂಗಡಿಯ ಹುಡುಗ ಹೇಳಿ ಸೋತ. ಕಾರ್ಲ್ ಒಮ್ಮೆ ಪಂಚಿಂಗ್ ಮೆಷಿನ್ನಿನಲ್ಲಿ ಕಾಗದದ ಕಟ್ಟಿಗೆ ತೂತು ಹಾಕುತ್ತಿದ್ದಾಗ ಪುಸ್ತಕದ ಹುಳು ನೆನಪಾಯಿತಂತೆ. ಆ್ಯನ್ ಬೆನೆಡ್ಯೂಸ್ ಎಂಬ ಸಂಪಾದಕಿ, ಪುಸ್ತಕದ ಹುಳು ಬೇಡ, ಕಂಬಳಿಹುಳು ಮಾಡಿ ಎಂದರು. ಅಷ್ಟೊಂದು ತೂತಿನ ಪುಸ್ತಕವನ್ನು ಅಮೆರಿಕದಲ್ಲಿ ಅಗ್ಗವಾಗಿ ಅಚ್ಚು ಮಾಡುವವರು ಸಿಗದೆ ಮೊದಲ ಮುದ್ರಣ ಜಪಾನಿನಲ್ಲಾಯಿತು. ರಾಯರೂ ಮೂವತ್ತು ವರ್ಷ ವೋಚರುಗಳಿಗೆ ತೂತು ಹಾಕಿದವರೇ. ಅವರಿಗೆ ಹೊಳೆದದ್ದು ಟ್ಯಾಗ್ ಒಂದೇ.

ಮನೆಗೆ ಬಂದು ಪುಟ್ಟಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು ರಾಯರು ಎರಡೇ ನಿಮಿಷದಲ್ಲಿ ಪುಸ್ತಕ ಮುಗಿಸಿದರು. ಪುಟ್ಟಿ ಇನ್ನೂ ಶುರುವಿನಲ್ಲೇ ಇದ್ದಳು. ಅಲ್ಲಿ ಸೂರ್ಯನಿಗೆ ಕಣ್ಣು, ಮೂಗು, ಬಾಯಿ ಎಲ್ಲ ಇದೆ. ಆ ಮುಖದ ಬಗ್ಗೆ ಬರಹದಲ್ಲಿ ಒಂದಕ್ಷರವಿಲ್ಲ, ಹಾಗಾಗಿ ರಾಯರ ಎಣಿಕೆಗೆ ಅದು ಬಂದೇ ಇರಲಿಲ್ಲ. ಆಮೇಲೆ ಸೋಮವಾರದ ಸೇಬಿನ ತೂತಿಗೆ ಅವಳ ಬೆರಳು ಹೋಯಿತು. ಮಂಗಳವಾರದ ಎರಡು ಪೇರ್‌ ಹಣ್ಣಿಗೂ ಹೋಯಿತು. ಬೆರಳು ತೂರಿದ್ದೆಲ್ಲ ಮುಗಿಯುವವರೆಗೆ ಹಾಳೆ ತಿರುಗಿಸುವಂತಿಲ್ಲ.

ಶನಿವಾರ ಬಂದಾಗ ಸಂಕಟ ಶುರುವಾಯಿತು. ಅಂದು ಹುಳು ಕೇಕು, ಐಸ್‌ಕ್ರೀಮು, ಕಲ್ಲಂಗಡಿಯ ಜೊತೆಗೆ ಸಲಾಮಿ, ಸಾಸೇಜುಗಳನ್ನೂ ತಿನ್ನುತ್ತದೆ. ಸಾಲಿನಲ್ಲಿ ಉಪ್ಪಿನಕಾಯಿ ಕಂಡು ನೆಮ್ಮದಿಯಾಗಿದ್ದ ರಾಯರು ಸಲಾಮಿಯನ್ನು ಹಪ್ಪಳ ಮಾಡಿ ದಾಟಿಸಿದರು. ಸಾಸೇಜನ್ನು ಬಾಳೆಹಣ್ಣು ಎಂದರು.

“ಬಾಳೆಹಣ್ಣಲ್ಲ ತಾತ.”

“ಸುಟ್ಟ ಬಾಳೆಹಣ್ಣು, ಪುಟ್ಟಿ.”

ಆ ರಾತ್ರಿ ಹುಳುವಿಗೆ ಹೊಟ್ಟೆನೋವು, ಮರುದಿನ ಒಂದು ಎಲೆ ತಿಂದ ಮೇಲೆ ಆರಾಮ. ರಾಯರ ಮುಖ ಅರಳಿತು. “ಮಿತಾಹಾರ! ಅಂತೂ ನೀತಿ ಇದೆ ನೋಡಮ್ಮ” ಎಂದು ಅಡುಗೆಮನೆಯತ್ತ ಕೂಗಿದರು. “ಇರಲಿ ಬಿಡಿ ಮಾವ” ಎಂದು ಅಲ್ಲಿಂದ ಉತ್ತರ ಬಂತು. ಮೂರು ವರ್ಷದ ಮಗುವಿನ ಪುಸ್ತಕದಿಂದಲೂ ಬಡ್ಡಿ ವಸೂಲಾಗಬೇಕೆನ್ನುವ ಈ ಹಟ ಬ್ಯಾಂಕಿನವರಿಗೆ ಮಾತ್ರ ಇರುವುದಲ್ಲ.

ಖುಷಿ ಹೆಚ್ಚು ಹೊತ್ತು ಉಳಿಯಲಿಲ್ಲ. ಕಥೆಯ ಕಂಬಳಿಹುಳು ಗೂಡು ಕಟ್ಟಿ ಚಿಟ್ಟೆಯಾಗುತ್ತದೆ. ರಾಯರು ಐದು ವರ್ಷ ರಾಮನಗರದ ಶಾಖೆಯಲ್ಲಿದ್ದವರು, ರೇಷ್ಮೆ ಮಾರುಕಟ್ಟೆಯ ಗೂಡಿನ ರಾಶಿಯ ನಡುವೆ ಓಡಾಡಿದವರು. ರೇಷ್ಮೆ ಗೂಡಿನಿಂದ ಬರುವುದು ಪತಂಗ. ಚಿಟ್ಟೆಗಳು ಸಾಮಾನ್ಯವಾಗಿ ಗೂಡು ನೇಯುವುದಿಲ್ಲ, ಬರೀ ಪೊರೆಕೋಶವಾಗುತ್ತವೆ. ಈ ತಪ್ಪನ್ನು ಹಲವರು ಮೊದಲೇ ಹಿಡಿದಿದ್ದಾರೆ. ರಾಯರಿಗೆ ಮಾತ್ರ ತಾವೇ ಹಿಡಿದಂತಾಯಿತು. ರಾಮನಗರದ ಗೂಡನ್ನು ಆಮೇಲೆ ಬಿಸಿನೀರಿಗೆ ಹಾಕುತ್ತಾರೆ ಎಂಬ ವಿಷಯ ಬಾಯಿಯವರೆಗೆ ಬಂದಿತ್ತು. ಸೊಸೆಯ ಕಣ್ಣು ನೋಡಿ ನುಂಗಿಕೊಂಡರು.

ಕಾಸು ಕೊಡದೆ ಓದಬಹುದಾದ ಕಥೆಗಳಿವೆ ಎಂದು ಗೊತ್ತಾದ ದಿನ ರಾಯರಿಗೆ ಹಬ್ಬ. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ಜಾಲತಾಣ ಸ್ಟೋರಿವೀವರ್‌ನಲ್ಲಿ ಕನ್ನಡದ ಚಿತ್ರಕಥೆಗಳು ಪುಕ್ಕಟೆ ಸಿಗುತ್ತವೆ. ಓದುವ ಮಟ್ಟ ನೋಡಿ ಅವನ್ನು ನಾಲ್ಕು ಹಂತ ಮಾಡಿದ್ದಾರೆ. ಮೊದಲ ಹಂತಕ್ಕೆ ಪುಟಕ್ಕೊಂದೆರಡು ಸಾಲು. ರಾಯರು ಪುಟ್ಟಿಗೆ ಡಬಲ್ ಪ್ರಮೋಷನ್ ಕೊಟ್ಟು ನೇರ ನಾಲ್ಕನೆಯದಕ್ಕೆ ಏರಿಸಿದರು. ಎರಡನೇ ಪುಟದಲ್ಲಿ ಪುಟ್ಟಿ ತೊಡೆಯಿಂದಿಳಿದು ಹೋದಳು.

ಅವಳು ಕದಲದೆ ಕೂತದ್ದು ಅದೇ ಪ್ರಥಮ್‌ನ ಶೃಂಗೇರಿ ಶ್ರೀನಿವಾಸನಿಗೆ. ರೋಹಿಣಿ ನಿಲೇಕಣಿಯವರು ‘ನೋನಿ’ ಎಂಬ ಹೆಸರಿನಲ್ಲಿ ಬರೆದ ಕಥೆ. ವರ್ಷಕ್ಕೊಮ್ಮೆ ಕ್ಷೌರ ಮಾಡಿಸುವ ದಿನ ಬಂದಿದೆ. ಶ್ರೀನಿವಾಸನ ಉದ್ದ ಕೂದಲು ಕತ್ತರಿಸಲು ಯಾರಿಗೂ ಪುರುಸೊತ್ತಿಲ್ಲ. ಪುಟ್ಟಿಗೆ ಬೆಳಿಗ್ಗೆ ಅದೇ ಪುಸ್ತಕ, ಊಟಕ್ಕೆ ಅದೇ, ಮಲಗುವಾಗ ಅದೇ. ಬೇಸತ್ತ ರಾಯರು ಒಂದು ದಿನ ಅದನ್ನು ಬೀರುವಿನ ಮೇಲಿಟ್ಟರು. ಪುಟ್ಟಿ ಅಜ್ಜಿಯನ್ನು ಸ್ಟೂಲು ಹತ್ತಿಸಿ ಇಳಿಸಿಕೊಂಡಳು. ರಾಯರು ಎರಡು ಸಾಲು ಹಾರಿಸಿ ನೋಡಿದರು, ಸಿಕ್ಕಿಬಿದ್ದರು. ಅಕ್ಷರ ಬಾರದ ಆಡಿಟರಿಗೆ ಪುಸ್ತಕವೆಲ್ಲ ಬಾಯಿಪಾಠ.

ಮೊನ್ನೆ ಶ್ರೀನಿವಾಸನ ಕೂದಲಿನ ಮೇಲೆ ಬೆರಳಾಡಿಸುತ್ತಿದ್ದ ಪುಟ್ಟಿ ತಲೆಯೆತ್ತಿ, ಫ್ಯಾನಿನಡಿ ಮಿರಮಿರ ಮಿಂಚುತ್ತಿದ್ದ ತಾತನ ಬೋಳುತಲೆಯನ್ನೇ ಸ್ವಲ್ಪ ಹೊತ್ತು ನೋಡಿದಳು.

“ತಾತ, ನಿಂದು ಯಾರು ಕತ್ತರಿಸಿದ್ದು?”

“ಹೆಡ್ ಆಫೀಸಿನವರು ಪುಟ್ಟಿ. ಕಂತಿನ ಮೇಲೆ.”