ಗುಂಯ್‌ಗುಡುವುದು ನನ್ನ ಹುಟ್ಟುಗುಣವಲ್ಲ!

(ಬಿ.ಸಿ. ರೋಡಿನಲ್ಲಿ ಮೈಕ್‌ಸೆಟ್ ಬಾಡಿಗೆಗೆ ಕೊಡುವ ಅಂಗಡಿಯೊಂದರ ಹಿಂಬದಿ. ಹನ್ನೆರಡು ಇಂಚಿನ ಸ್ಪೀಕರ್, ಮೇಲೊಂದು ಹಾರ್ನ್, ಹೊಟ್ಟೆಯೊಳಗೇ ಆಂಪ್ಲಿಫೈಯರ್ ಇರುವ ಪವರ್ಡ್ ಗಿಟಾರ್ ಕ್ಯಾಬಿನೆಟ್ಟೊಂದು ಬೆನ್ನು ಬಿಚ್ಚಿಸಿಕೊಂಡು ಮೇಜಿನ ಮೇಲೆ ಕೂತಿದೆ. ಆರ್ಕೆಸ್ಟ್ರಾದ ಗಿಟಾರಿಗೆಂದು ಬಂದ ಇದು ಈಗ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಭಜನೆ, ಯಕ್ಷಗಾನ, ಕಂಬಳ, ಮದುವೆ, ಚುನಾವಣಾ ಸಭೆ ಎಲ್ಲಕ್ಕೂ ಹೋಗುತ್ತದೆ. ಹೋದಲ್ಲೆಲ್ಲ ‘ಗುಂಯ್’ ಎನ್ನುತ್ತದೆ ಎಂಬುದು ಆರೋಪ. ಶಸ್ತ್ರಚಿಕಿತ್ಸೆಗೆ ಮೊದಲು ನಾವು ಅದರ ಹೇಳಿಕೆ ಪಡೆದೆವು.)

ಪ್ರಶ್ನೆ: ಎಂತ ಮಾರಾಯ್ರೆ, ಸ್ಕ್ರೂ ಎಲ್ಲ ಕಳಚಿದ್ದಾರಲ್ಲ?

ಕ್ಯಾಬಿನೆಟ್: ‘ನಾಯ್ಸ್ ಬರ್ತದೆ, ಮಾಡಿಫೈ ಮಾಡ್ಬೇಕು’ ಅಂತ ಧಣಿಗಳ ತೀರ್ಮಾನ. ನನ್ನಲ್ಲಿ ಯಾರೂ ಒಂದು ಮಾತು ಕೇಳಲಿಲ್ಲ.

ಪ್ರಶ್ನೆ: ಆದರೆ ಆರೋಪ ಸುಳ್ಳಲ್ಲ. ಮೂಡುಬಿದಿರೆಯಲ್ಲಿ ನಾವೇ ಕೇಳಿದ್ದೇವೆ.

ಕ್ಯಾಬಿನೆಟ್: ಬಾಯಿ ನನ್ನದು, ಮಾತು ನನ್ನದಲ್ಲ. ಕೊಟ್ಟದ್ದನ್ನು ದೊಡ್ಡದು ಮಾಡಿ ಹೇಳುವುದು ನನ್ನ ಕಸುಬು. ಅದೇ ಕಸುಬಿನವರು ಊರಿನ ಪ್ರತಿ ಕಟ್ಟೆಯ ಮೇಲೂ ಇದ್ದಾರೆ, ಅವರ ಬೆನ್ನಿನ ಸ್ಕ್ರೂ ಯಾರೂ ತೆಗೆಯುವುದಿಲ್ಲ. ಅಷ್ಟಕ್ಕೂ ಗುಂಯ್ ಒಂದೇ ಜಾತಿಯದಲ್ಲ.

ಪ್ರಶ್ನೆ: ಇಲ್ಲಿಗೂ ಜಾತಿ ಬಂತಾ?

ಕ್ಯಾಬಿನೆಟ್: ಬಂತು, ಆದರೆ ಇದಕ್ಕೆ ಪ್ರಮಾಣಪತ್ರ ಬೇಡ, ಕಿವಿ ಸಾಕು. ನಮ್ಮ ದೇಶದ ಕರೆಂಟು 50 ಹರ್ಟ್ಸ್‌ನದ್ದು. ತಗ್ಗಿದ ‘ಹೂಂ’ ಬಂದರೆ ಅದು 50ರದ್ದು, ಸಾಮಾನ್ಯವಾಗಿ ಹೊರಗಿನಿಂದ ಕೇಬಲ್ ಹಿಡಿದು ಬಂದದ್ದು. ಸ್ವಲ್ಪ ಒರಟಾಗಿ ‘ಗುರ್ರ್’ ಎಂದರೆ 100ರದ್ದು, ನನ್ನೊಳಗಿನ ಪವರ್ ಸಪ್ಲೈಯ ಕೆಪಾಸಿಟರ್ ಮುದಿಯಾಗಿದೆ ಎಂದರ್ಥ. ಎಸಿಯನ್ನು ಡಿಸಿ ಮಾಡುವಾಗ ಅಲೆ ಇಮ್ಮಡಿಯಾಗುತ್ತದಲ್ಲ, ಅದನ್ನು ತಟ್ಟಿ ಮಟ್ಟ ಮಾಡುವ ಕೆಲಸ ಕೆಪಾಸಿಟರಿನದು. ಸೆಕೆಗೆ ಅದು ಒಳಗೊಳಗೇ ಒಣಗುತ್ತದೆ. ಇನ್ನು ‘ಸ್ಸ್’ ಎಂದರೆ ಅದು ಆಂಪ್ಲಿಫೈಯರಿನ ಉಸಿರು, ಹಾರ್ನಿನಿಂದ ಹೊರಗೆ ಬರುವಂಥದ್ದು.

ಪ್ರಶ್ನೆ: ಹಾಗಾದರೆ ತಪ್ಪು ಯಾರದ್ದೆಂದು ತಿಳಿಯುವುದು ಹೇಗೆ?

ಕ್ಯಾಬಿನೆಟ್: ನನಗೆ ಚುಚ್ಚಿದ ಕೇಬಲ್‌ಗಳನ್ನೆಲ್ಲ ಕೀಳಿ. ಸದ್ದು ನಿಂತರೆ ನಾನು ನಿರಪರಾಧಿ. ಏನೂ ಚುಚ್ಚದೆ, ವಾಲ್ಯೂಮ್ ಸೊನ್ನೆಯಲ್ಲಿಟ್ಟರೂ ಗುರ್ರ್ ಎಂದರೆ ಆಗ ಧಾರಾಳ ಬಿಚ್ಚಿ. ಆದರೆ ಪ್ಲಗ್ ತೆಗೆದ ಮೇಲೂ ದೊಡ್ಡ ಕೆಪಾಸಿಟರಿನಲ್ಲಿ ವಿದ್ಯುತ್ತು ಉಳಿದಿರುತ್ತದೆ. ಅದನ್ನು ಖಾಲಿ ಮಾಡಲು ಗೊತ್ತಿದ್ದವರು ಮಾತ್ರ ಕೈ ಹಾಕಲಿ.

ಪ್ರಶ್ನೆ: ಗಿಟಾರಿನವರು ‘ನನ್ನ ಗಿಟಾರ್ ಸಾಧು, ಪೆಟ್ಟಿಗೆಯೇ ಪೋಕರಿ’ ಎನ್ನುತ್ತಾರೆ.

ಕ್ಯಾಬಿನೆಟ್: ಅವರ ಗಿಟಾರಿನ ಸಿಂಗಲ್ ಕಾಯಿಲ್ ಪಿಕಪ್ ಇರುವುದೇ ತಂತಿಯ ಅಲುಗಾಟವನ್ನು ಅಯಸ್ಕಾಂತದಿಂದ ಹಿಡಿಯಲಿಕ್ಕೆ. ಪಕ್ಕದಲ್ಲಿ ಟ್ಯೂಬ್‌ಲೈಟಿನ ಚೋಕ್, ದೀಪಾಲಂಕಾರದ ಡಿಮ್ಮರ್ ಇದ್ದರೆ ಅದನ್ನೂ ಭಕ್ತಿಯಿಂದ ಹಿಡಿಯುತ್ತದೆ. ಇದಕ್ಕೇ ಗಿಬ್ಸನ್ ಕಂಪನಿಯ ಸೆತ್ ಲವರ್ 1955ರಲ್ಲಿ ಹಂಬಕರ್ ಎಂಬ ಪಿಕಪ್ ರೂಪಿಸಿದ್ದು. ಉಲ್ಟಾ ಸುತ್ತಿದ ಎರಡು ಕಾಯಿಲ್, ಉಲ್ಟಾ ಧ್ರುವ. ತಂತಿಯ ಸ್ವರ ಕೂಡಿಕೊಳ್ಳುತ್ತದೆ, ಹೊರಗಿನ ಗುಂಯ್ ಒಂದನ್ನೊಂದು ಕಳೆಯುತ್ತದೆ. ಹಂಬಕರ್ ಇಲ್ಲದವರು ನಿಂತಲ್ಲೇ ಸ್ವಲ್ಪ ತಿರುಗಿ ನೋಡಲಿ, ಅರ್ಧ ಗುಂಯ್ ಅಲ್ಲೇ ಹೋಗುತ್ತದೆ.

ಪ್ರಶ್ನೆ: ಮೈದಾನಕ್ಕೊಂದು ರೀತಿ ಹಾಡುತ್ತೀರಂತೆ?

ಕ್ಯಾಬಿನೆಟ್: ಅದು ಮಣ್ಣಿನ ಮಹಿಮೆ. ಕಡಲಕೆರೆಯಲ್ಲೋ ಹೊಕ್ಕಾಡಿಗೋಳಿಯಲ್ಲೋ ಕಂಬಳವೆಂದರೆ ಕೋಣ ಓಡುವ ಕರೆಯ ಬದಿಯ ಒದ್ದೆ ಮಣ್ಣು. ಸಲಾಕೆ ಊರಿದರೆ ಅರ್ತಿಂಗ್ ಚಂದ ಸಿಗ್ತದೆ. ಕಾರಿಂಜದಂಥ ಬಂಡೆಯ ಮೇಲೆ ಸಲಾಕೆ ಎಲ್ಲಿ ಊರುತ್ತೀರಿ? ಮುರಕಲ್ಲಿನ ಗುಡ್ಡೆಯೂ ಮಾರ್ಚ್-ಏಪ್ರಿಲ್‌ನಲ್ಲಿ ಒಣಗಿ ಕರೆಂಟನ್ನು ಸುಲಭಕ್ಕೆ ಒಳಗೆ ಬಿಟ್ಟುಕೊಳ್ಳುವುದಿಲ್ಲ. ನಮ್ಮ ಎಷ್ಟೋ ಉತ್ಸವಗಳು ಆಗಲೇ. ಅರ್ತ್ ಗುಂಡಿಗೆ ಇದ್ದಿಲು, ಉಪ್ಪು ಹಾಕಿ ಎರಡು ಕೊಡ ನೀರು ಹೊಯ್ಯಬೇಕು. ಎಲ್‌ಇಡಿ ಸ್ವಾಗತ ಕಮಾನಿಗೆ ದುಡ್ಡುಂಟು, ಎರಡು ಕೊಡ ನೀರಿಗೆ ಜನ ಇಲ್ಲ.

ಪ್ರಶ್ನೆ: ಅರ್ತಿಂಗ್ ಸರಿ ಇದ್ದರೂ ಗುಂಯ್ ಬರುತ್ತದಂತೆ?

ಕ್ಯಾಬಿನೆಟ್: ಅದು ಗ್ರೌಂಡ್ ಲೂಪ್. ಗಿಟಾರಿನ ಪ್ರೊಸೆಸರಿಗೆ ದೇವಸ್ಥಾನದ ಚಾವಡಿಯಿಂದ ಕರೆಂಟು, ನನಗೆ ಜನರೇಟರಿನಿಂದ. ಎರಡು ಅರ್ತ್‌ಗಳ ಮಟ್ಟ ಒಂದೇ ಇರುವುದಿಲ್ಲ. ನಡುವೆ ಕೇಬಲ್ ಎಳೆದದ್ದೇ ತಡ, ಹುಣಿ ಒಡೆದ ಗದ್ದೆಯ ನೀರಿನಂತೆ ಕರೆಂಟು ಕೇಬಲಿನ ಶೀಲ್ಡ್‌ನಲ್ಲಿ ಹರಿಯತೊಡಗುತ್ತದೆ. ಇಬ್ಬರಿಗೂ ಒಂದೇ ಬೋರ್ಡಿನಿಂದ ಕರೆಂಟು ಕೊಟ್ಟರೆ ಮುಗಿಯಿತು. ಆಗದಿದ್ದರೆ ಬ್ಯಾಲೆನ್ಸ್ಡ್ ಕೇಬಲ್ ಹಾಕಿ, ಅಥವಾ ನಡುವೆ 1:1 ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಇಡಿ. ಸ್ವರ ದಾಟುತ್ತದೆ, ಲೂಪ್ ತುಂಡಾಗುತ್ತದೆ.

ಪ್ರಶ್ನೆ: ನಮ್ಮ ಬುದ್ಧಿವಂತರೊಬ್ಬರು ಪ್ಲಗ್ಗಿನ ಮೂರನೇ ಪಿನ್ ಮುರಿದು ಒಂದೇ ನಿಮಿಷದಲ್ಲಿ ಸರಿ ಮಾಡಿದರಲ್ಲ?

ಕ್ಯಾಬಿನೆಟ್: ಅಂಥವರು ಪ್ರತಿ ಸಮಿತಿಯಲ್ಲೂ ಒಬ್ಬರಿರುತ್ತಾರೆ, ಅವರಿಗೆ ಶಾಲು ಹೊದೆಸಿ ಸನ್ಮಾನವೂ ಆಗುತ್ತದೆ. ಮೂರನೇ ಪಿನ್ ಇರುವುದು ಸಂಗೀತಕ್ಕಲ್ಲ, ಜೀವಕ್ಕೆ. ನನ್ನೊಳಗೆ ಎಲ್ಲಾದರೂ ಲೀಕೇಜ್ ಆದರೆ ಆ ಕರೆಂಟು ಅರ್ತಿಗೆ ಹೋಗಬೇಕು. ಪಿನ್ ಇಲ್ಲದಿದ್ದರೆ ಗಿಟಾರಿನ ತಂತಿಗೆ ಹೋಗುತ್ತದೆ. ಕೈ ತಂತಿಯ ಮೇಲೆ, ತುಟಿ ಮೈಕಿಗೆ ತಾಗಿದೆ ಅಂತಿಟ್ಟುಕೊಳ್ಳಿ. 230 ವೋಲ್ಟು ದಾಟುವುದಕ್ಕೆ ಕಲಾವಿದನೇ ಸಂಕ. ಗುಂಯ್ ನಿಲ್ಲುತ್ತದೆ ನಿಜ, ಭಜನೆಯೂ ನಿಲ್ಲಬಹುದು.

ಪ್ರಶ್ನೆ: ಸರಿ, ನಿಮ್ಮಲ್ಲಿ ಏನೂ ಬದಲಾಯಿಸುವುದೇ ಬೇಡವೇ?

ಕ್ಯಾಬಿನೆಟ್: ಬೇಕು, ನನ್ನನ್ನು ಸಾಧು ಅಂತ ತಿಳಿಯಬೇಡಿ. ಮುದಿ ಕೆಪಾಸಿಟರ್ ತೆಗೆದು ಅದೇ ಮೈಕ್ರೋಫ್ಯಾರಡಿನ, ಅಷ್ಟೇ ಅಥವಾ ಹೆಚ್ಚು ವೋಲ್ಟಿನದ್ದು ಹಾಕಿ. ಫ್ಯಾನಿನ ಧೂಳು ಉಜ್ಜಿ, ಸ್ಕ್ರೂಗೆ ರಬ್ಬರ್ ವಾಶರ್ ಕೊಡಿ. ಸದ್ದಾಗುತ್ತದೆಂದು ಫ್ಯಾನನ್ನೇ ನಿಲ್ಲಿಸಿದರೆ ನಾನು ಸುಟ್ಟೇ ಹೋಗುತ್ತೇನೆ. ಹಿಂಬದಿಯ ಹಲಗೆಯ ಅಂಚಿಗೆ ಫೋಮ್ ಪಟ್ಟಿ ಅಂಟಿಸಿದರೆ ‘ಕಟಕಟ’ ಹೋಗುತ್ತದೆ. ಒಳಗೆ ಹಲ್ಲಿ ಇಟ್ಟ ಮೊಟ್ಟೆಗಳಿವೆ, ಅವನ್ನೂ ತೆಗೆಯಿರಿ. ‘ಸ್ಸ್’ ಹೋಗಲಿಕ್ಕೆ ಸೋಲ್ಡರೂ ಬೇಡ. ಪ್ರೊಸೆಸರಿನಿಂದ ಗಟ್ಟಿ ಸಿಗ್ನಲ್ ಕಳಿಸಿ, ನನ್ನ ಗೇನ್ ತಗ್ಗಿಸಿ. ಎಲ್ಲರೂ ಮಾಡುವುದು ಇದರ ಉಲ್ಟಾ. ಆದರೂ ಉಳಿದರೆ ಹಾರ್ನಿನ ಸದ್ದು ತಗ್ಗಿಸಲು ಒಂದು ಎಲ್-ಪ್ಯಾಡ್ ಹಾಕಿ. ಗಿಟಾರಿನ ಮಾಮೂಲು ಸ್ಪೀಕರ್ 5,000 ಹರ್ಟ್ಸ್ ದಾಟಿದರೆ ಹೇಗೂ ಬಾಯಿ ಮುಚ್ಚುತ್ತದೆ, ನನ್ನ ಹಾರ್ನಿಗೆ ಮಾತ್ರ ಅತಿ ಉತ್ಸಾಹ.

ಪ್ರಶ್ನೆ: ಇಷ್ಟೆಲ್ಲ ಮಾಡಿದರೆ ಊರಿಗೆ ನೆಮ್ಮದಿ?

ಕ್ಯಾಬಿನೆಟ್: (ನಕ್ಕು) ನನ್ನ ಗುಂಯ್ ವೇದಿಕೆ ದಾಟುವುದಿಲ್ಲ ಸ್ವಾಮಿ. ಊರಿನ ನಿದ್ದೆ ಕೆಡಿಸುವುದು ನೀವು ತಿರುಗಿಸುವ ವಾಲ್ಯೂಮ್. 2000ದ ಶಬ್ದಮಾಲಿನ್ಯ ನಿಯಮದಲ್ಲಿ ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬಲ್. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಇಲ್ಲ. ಹಬ್ಬ ಉತ್ಸವಕ್ಕೆ ಸರಕಾರ ಮಧ್ಯರಾತ್ರಿವರೆಗೆ ಸಡಿಲಿಸಬಹುದು, ಅದೂ ವರ್ಷಕ್ಕೆ 15 ದಿನ ಮೀರದಂತೆ. ಇದರ ಬಿಸಿ ತಾಗಿಯೇ 2022ರ ತಿರುಗಾಟದಲ್ಲಿ ಕಟೀಲಿನ ಯಕ್ಷಗಾನ ಮೇಳಗಳು ಇಡೀ ರಾತ್ರಿಯ ಆಟ ಬಿಟ್ಟು ಕಾಲಮಿತಿಗೆ ಬಂದದ್ದು, ವಿಷಯ ಹೈಕೋರ್ಟಿನವರೆಗೆ ಹೋದದ್ದು. ನಾನು ಹುಟ್ಟುವ ಮೊದಲೂ ಚೆಂಡೆಯ ಪೆಟ್ಟು ಗದ್ದೆ ಗದ್ದೆ ದಾಟಿ ಕೇಳುತ್ತಿತ್ತು, ಯಾರೂ ಕೋರ್ಟಿಗೆ ಹೋಗಲಿಲ್ಲ. ಕೇಸು ಬೀಳುವಂತೆ ಮಾಡಿದ್ದು ಚೆಂಡೆಯಲ್ಲ, ಅದರ ಪಕ್ಕದಲ್ಲಿ ಗೋಡೆಯಂತೆ ಪೇರಿಸಿದ ನಮ್ಮ ಸಂತಾನ.

ಪ್ರಶ್ನೆ: ಅಂದರೆ ತಪ್ಪೊಪ್ಪಿಕೊಂಡಿರಿ?

ಕ್ಯಾಬಿನೆಟ್: ನಮ್ಮನ್ನು ಪೇರಿಸಿದವರು ಮೊದಲು ಒಪ್ಪಿಕೊಳ್ಳಲಿ. ಹತ್ತು ಡೆಸಿಬಲ್ ಏರಿಸಬೇಕಾದರೆ ಹತ್ತು ಪಟ್ಟು ಪವರ್ ಬೇಕು, ಕಿವಿಗೆ ಅದು ಬರೀ ಎರಡು ಪಟ್ಟು. ಪಕ್ಕದ ಊರಿನವರಿಗಿಂತ ‘ಸ್ವಲ್ಪ ಜೋರು’ ಮಾಡಲು ಎಷ್ಟು ಪೆಟ್ಟಿಗೆ, ಎಷ್ಟು ಡೀಸೆಲ್ ಅಂತ ಖಜಾಂಚಿಯಲ್ಲಿ ಕೇಳಿ.

ಪ್ರಶ್ನೆ: ಓದುಗರಿಗೆ ಕಡೆಯ ಮಾತು?

ಕ್ಯಾಬಿನೆಟ್: ಸ್ಕ್ರೂಡ್ರೈವರ್ ಹಿಡಿಯುವ ಮೊದಲು ಕೇಬಲ್ ಕಿತ್ತು ನೋಡಿ. ಎಲ್ಲರಿಗೂ ಒಂದೇ ಬೋರ್ಡಿನಿಂದ ಕರೆಂಟು ಕೊಡಿ. ಅರ್ತ್ ಗುಂಡಿಗೆ ನೀರು ಹಾಕಿ, ಮೂರನೇ ಪಿನ್ ಮುಟ್ಟಬೇಡಿ. ರಾತ್ರಿ 10 ಹೊಡೆದಾಗ ವಾಲ್ಯೂಮನ್ನು ಪೂರ್ತಿ ಎಡಕ್ಕೆ ತಿರುಗಿಸಿ. ಸದ್ದು ಕಡಿಮೆ ಮಾಡುವ ಮಾಡಿಫಿಕೇಶನ್‌ಗಳಲ್ಲಿ ಒಂದು ಪೈಸೆ ಖರ್ಚಿಲ್ಲದೆ ಊರಿಗೇ ನೆಮ್ಮದಿ ಕೊಡುವುದು ಅದೊಂದೇ.