ಕ್ಯೂಸೆಕ್ ಕಾಕಾ

ಮಳೆಗಾಲದಲ್ಲಿ ನಮ್ಮ ಮಸಗುಪ್ಪಿಗೆ ಬೆಳಗಾಗುವುದು ಕೋಳಿ ಕೂಗಿದಾಗ ಅಲ್ಲ, ಕಾಕಾನ ಮೆಸೇಜು ಬಿದ್ದಾಗ. ಹಿಡಕಲ್ ಅಣೆಕಟ್ಟಿನ ಒಳಹರಿವು ಇಷ್ಟು, ಹೊರಹರಿವು ಇಷ್ಟು, ಹಿರಣ್ಯಕೇಶಿ ಹೊಳೆಯದು ಇಷ್ಟು, ಧೂಪದಾಳ ದಾಟಿ ಫಾಲ್ಸಿಗೆ ಹೊಂಟದ್ದು ಇಷ್ಟು. ಕೆಳಗೆ ಎರಡು ಕೈಮುಗಿದ ಚಿತ್ರ. ದೇವರ ಫೋಟೋ ಇಲ್ಲ, ಶುಭೋದಯ ಇಲ್ಲ. ನೀರಾವರಿ ಇಲಾಖೆಯಲ್ಲಿ ಅವನಿಗೆ ನೌಕರಿ ಇದೆಯೆಂದು ಹೊಸಬರು ತಿಳಿಯುತ್ತಾರೆ. ಇರುವುದು ನಾಲ್ಕು ಎಕರೆ ಕಬ್ಬು, ಹೊಳೆದಂಡೆಗೆ ಒಂದು ಮೋಟರು, ಒಂದು ಹಳೆ ಬೈಕು. ಘಟಪ್ರಭೆಯ ದಂಡೆಯ ಊರಿಗೊಬ್ಬ ಇಂಥವ ಇದ್ದೇ ಇರುತ್ತಾನೆ. ನಮ್ಮವನಿಗೆ ಹುಡುಗರು ಇಟ್ಟ ಹೆಸರು ಕ್ಯೂಸೆಕ್ ಕಾಕಾ.

ಕ್ಯೂಸೆಕ್ ಅಂದರೆ ಸೆಕೆಂಡಿಗೆ ಒಂದು ಘನ ಅಡಿ ನೀರು, ಸುಮಾರು 28 ಲೀಟರು. ಕಾಕಾ ಇದನ್ನು ಹೆಣ್ಣುಮಕ್ಕಳಿಗೂ ತಿಳಿಯುವಂತೆ ಹೇಳುತ್ತಾನೆ: “ನೀ ಒಂದು ಸಲ ಕಣ್ಣ ಮಿಟಿಕಿಸೂದ್ರಾಗ ಎರಡು ಕೊಡ ನೀರು ಹರದು ಹೋತು ಅಂತ ತಿಳಿ.” ಅವನ ಹೆಂಡತಿ ಕಾಕು ಒಳಗಿನಿಂದಲೇ ಉತ್ತರ ಕೊಡುತ್ತಾಳೆ: “ಆ ಎರಡು ಕೊಡ ನಳದಿಂದ ತಂದು ಇಳಸ್ರಿ ನೋಡೂಣು, ಆಮ್ಯಾಲ ಲೆಕ್ಕಾ ಹೇಳ್ರಿ.”

ಅವನ ಚಟಕ್ಕೆ ಗುರಿ ಗೋಕಾಕ ಫಾಲ್ಸು. ಕುದುರೆ ಲಾಳದಂಥ ಬಂಡೆಯಂಚಿನಿಂದ ಹೊಳೆ 171 ಅಡಿ ಕೆಳಗೆ ಧುಮುಕುವ ಜಾಗ. ಬೇಸಿಗೆಯಲ್ಲಿ ಅಲ್ಲಿ ನೋಡಲಿಕ್ಕೆ ಕರಿಬಂಡೆ ಬಿಟ್ಟರೆ ಹೆಚ್ಚೇನಿಲ್ಲ. ಮೇಲೆ ಧೂಪದಾಳದಲ್ಲಿ ಬ್ರಿಟಿಷರ ಕಾಲದ ಒಡ್ಡು ನೀರನ್ನು ಕಾಲುವೆಗೆ ತಿರುಗಿಸಿಬಿಡುತ್ತದೆ. ಪುನರ್ವಸು ಮಳೆ ಹಿಡಿದು ಸಹ್ಯಾದ್ರಿ ನೆನೆದಾಗ ಒಡ್ಡು ತುಂಬಿ ನೀರು ಹೊರಬಿದ್ದು ಫಾಲ್ಸಿಗೆ ಸೀಜನ್ ಸುರುವಾಗುತ್ತದೆ. ಕಾಕಾನಿಗೂ ಆಗ ಮೈಯಲ್ಲಿ ಪ್ರಾಯ ಬರುತ್ತದೆ.

ಸೀಜನ್ನಿನ ಭಾನುವಾರ ಅವನನ್ನು ನೋಡಬೇಕು. ಮನೆಗೆ ಬಂದ ಬೀಗರು ಇರಲಿ, ಬ್ಯಾಂಕಿನ ಸಾಹೇಬರಿರಲಿ, ಸಾಲ ವಸೂಲಿಗೆ ಬಂದವರೇ ಇರಲಿ, “ಮೊದಲ ಫಾಲ್ಸ್ ನೋಡ್ರಿ, ರೊಕ್ಕದ ಮಾತು ಆಮ್ಯಾಲ” ಎಂದು ಹೊರಡಿಸುತ್ತಾನೆ. ನಿಲ್ಲುವ ಜಾಗವನ್ನೂ ಅವನೇ ಹೇಳಬೇಕು. “ಅಲ್ಲಿ ನಿಂತ್ರ ಬರೇ ಹನಿ ಹೊಡೀತಾವ, ಇಲ್ಲಿ ನಿಲ್ರಿ, ಇಲ್ಲಿಂದ ಲಾಳ ಪೂರ್ತಿ ಕಾಣತೈತಿ.” ಆಮೇಲೆ ಪಾಠ. ಜಲಪಾತದ ಬಲವನ್ನೇ ನಂಬಿ 1880ರ ದಶಕದಲ್ಲಿ ಎದ್ದ ನೂಲಿನ ಗಿರಣಿ, 659 ಅಡಿ ಉದ್ದದ ತೂಗುಸೇತುವೆ, ದಂಡೆಯ ಮೇಲಿನ ಮಹಾಲಿಂಗೇಶ್ವರ. ಯಾರಾದರೂ ನಯಾಗರಾದ ಹೆಸರೆತ್ತಿದರೆ ಅವನಿಗೆ ಹಬ್ಬ. “ಅದೂ ಲಾಳದಂಗ ಐತಿ, ಇದೂ ಲಾಳದಂಗ ಐತಿ. ಅದು ಹದಿನೈದಿಪ್ಪತ್ತು ಅಡಿ ಎತ್ತರ ಹೆಚ್ಚಂತ. ಹದಿನೈದು ಅಡಿ ಏನ್ರಿ, ನಮ್ಮ ಹಿತ್ತಲದ ತೆಂಗಿನ ಗಿಡ ಅಷ್ಟು ಐತಿ!” ಅಗಲದ ಮಾತು ಬಂದಾಗ ಮಾತ್ರ ಅವನಿಗೆ ಸುಟ್ಟ ಗೊಂಜಾಳ ತೆನಿ ಮಾರುವವಳು ಕಾಣಿಸುತ್ತಾಳೆ.

ತೆನಿ, ಮಿರ್ಚಿ ಭಜಿ, ಗಿರಮಿಟ್ಟು, ಮರಳುವ ಹಾದಿಯಲ್ಲಿ ಗೋಕಾಕದಲ್ಲಿ ಅರ್ಧ ಕಿಲೋ ಕರದಂಟು. ಈ ಕ್ರಮ ತಪ್ಪುವಂತಿಲ್ಲ. ರೊಕ್ಕ ಕೊಡುವ ಹೊತ್ತಿಗೆ ಮಾತ್ರ ಅವನಿಗೆ ಧೂಪದಾಳದಿಂದ ಫೋನು ಬರುತ್ತದೆ.

ಈ ನೆಮ್ಮದಿಗೆ ಹುಳಿ ಹಿಂಡಿದವನು ಅವನ ಅಕ್ಕನ ಮಗ. ಕಂಪ್ಯೂಟರ್ ಕೆಲಸಕ್ಕೆಂದು ಜಪಾನಿಗೆ ಹೋಗಿ ಹೊಕ್ಕೈಡೊ ದ್ವೀಪದ ಸಪ್ಪೊರೊದಲ್ಲಿ ಕುಳಿತಿದ್ದಾನೆ. 1972ರಲ್ಲಿ ಚಳಿಗಾಲದ ಒಲಿಂಪಿಕ್ಸ್ ನಡೆದ ಊರು. ಒಂದು ಜನವರಿ ದಿನ ನಿಸೆಕೊ ಎಂಬಲ್ಲಿಂದ ವಿಡಿಯೊ ಕಾಲ್ ಮಾಡಿದ. ಹಿಂದೆ ಬೆಳ್ಳಗೆ ಗುಡ್ಡ, ಅವನ ಕಾಲಿಗೆ ಎರಡು ಹಲಗೆ.

“ಮಾಮಾ, ಇಲ್ಲಿ ಒಂದು ಸೀಜನ್ನಿಗೆ ಹದಿನೈದು ಮೀಟರ್ ಹಿಮಾ ಬೀಳತೈತಿ. ಪೌಡರ್ ಇದ್ದಂಗ!”

“ಪೌಡರ್ ನಮ್ಮಲ್ಲಿ ಮದಿವ್ಯಾಗ ಹಚ್ಚತಾರ. ನೀ ಅದರಾಗ ಏನ್ ಮಾಡಾಕತ್ತಿ?”

“ಲಿಫ್ಟಿನ್ಯಾಗ ಕುಂತು ಮ್ಯಾಲ ಹೋಗೂದು, ಜಾರಿಕೋತ ಕೆಳಗ ಬರೂದು.”

“ಆಮ್ಯಾಲ?”

“ಮತ್ತ ಮ್ಯಾಲ ಹೋಗೂದು.”

ಕಾಕಾ ಸ್ವಲ್ಪ ಹೊತ್ತು ಸುಮ್ಮನಿದ್ದ. ಲಿಫ್ಟಿನ ಟಿಕೀಟು ಎಷ್ಟೆಂದು ಕೇಳಿದ. ಯೆನ್ನನ್ನು ರೂಪಾಯಿಗೆ ತಿರುಗಿಸಿ ಹೇಳಿದಾಗ ಎದ್ದು ನಿಂತ. “ತಮ್ಮಾ, ಜಾರಾಕ ರೊಕ್ಕ ಕೊಡತಿಯಾ? ಆಷಾಢದಾಗ ನಮ್ಮ ಎರಿ ಹೊಲಕ್ಕ ಬಾ. ಬದುವಿನ ಮ್ಯಾಲಿಂದ ಪುಕ್ಕಟೆ ಜಾರಸ್ತೀನಿ, ಹಲಗಿನೂ ಬ್ಯಾಡ!”

ಆದರೆ ಹುಳ ತಲೆಯೊಳಗೆ ಹೊಕ್ಕಿತ್ತು. ಮರುದಿನವೇ ಅವನ ಮೆಸೇಜಿನಲ್ಲಿ ನಿಸೆಕೊ ಕಾಣಿಸಿಕೊಂಡಿತು. ಸೈಬೀರಿಯಾದ ಥಂಡಿ ಗಾಳಿ ಜಪಾನ್ ಸಮುದ್ರದ ಮೇಲೆ ಹಾಯುವಾಗ ಹಸಿ ಹೀರಿಕೊಂಡು, ಹೊಕ್ಕೈಡೊದ ಗುಡ್ಡಕ್ಕೆ ಡಿಕ್ಕಿ ಹೊಡೆದು ಹಿಮ ಸುರಿಸುತ್ತದೆ ಎಂದು ಅಳಿಯ ತಿಳಿಸಿದಾಗ ಕಾಕಾನ ಮುಖ ಅರಳಿತು. “ಅಂದ್ರ ಇದು ನಮ್ಮದ ಲೆಕ್ಕಾ! ಇಲ್ಲಿ ಅರಬ್ಬೀ ಸಮುದ್ರ, ಅಲ್ಲಿ ಜಪಾನಿ ಸಮುದ್ರ. ಇಲ್ಲಿ ಅಂಬೋಲಿ ಘಟ್ಟ, ಅಲ್ಲಿ ನಿಸೆಕೊ. ನಮಗ ಹಿರಣ್ಯಕೇಶಿ ಹರದು ಬರತಾಳ, ಅವರದು ಗುಡ್ಡದಾಗ ಹೆಪ್ಪಗಟ್ಟಿ ಕುಂದರತೈತಿ. ಇಷ್ಟ ಫರಕು.” ಅಂದಿನಿಂದ ಮಾವ ಅಳಿಯ ಒಬ್ಬರಿಗೊಬ್ಬರು ಅಂಕಿ ಕಳಿಸುತ್ತಾರೆ. ಜನವರಿಯಲ್ಲಿ ಸೆಂಟಿಮೀಟರು, ಜುಲೈಯಲ್ಲಿ ಕ್ಯೂಸೆಕ್ಕು. ಕ್ಷೇಮ ಸಮಾಚಾರಕ್ಕೆ ಪುರುಸೊತ್ತಿಲ್ಲ.

ಕಾಕಾನ ನಿಜವಾದ ಇಕ್ಕಟ್ಟು ಬೇರೆ ಇದೆ. ಮಸಗುಪ್ಪಿ ಇರುವುದು ಫಾಲ್ಸಿನ ಕೆಳಗೆ. ಅಲ್ಲಿ ಧುಮುಕಿ ಚೆಂದ ಕಂಡ ನೀರೇ, ಮಾರ್ಕಂಡೇಯ ಹೊಳೆಯ ನೀರನ್ನೂ ಕೂಡಿಸಿಕೊಂಡು, ಇವನ ಕಬ್ಬಿನ ಪಕ್ಕಕ್ಕೆ ಬರುತ್ತದೆ. 51 ಟಿಎಂಸಿಯ ಹಿಡಕಲ್ 2175 ಅಡಿಗೆ ಮುಟ್ಟುತ್ತ ಬಂದಂತೆ ಗೇಟು ಎತ್ತುವ ಸುದ್ದಿ ಬರುತ್ತದೆ. ಬೆಳಿಗ್ಗೆ ಹತ್ತಕ್ಕೆ ಕಾಕಾ ಫಾಲ್ಸಿನೆದುರು ನಿಂತು, “ಇನ್ನೂ ಬಿಡ್ಲಿ, ಏನ್ ನೀರ್ಲೇ ಯಪ್ಪಾ!” ಎಂದು ಕುಣಿಯುತ್ತಾನೆ. ಹನ್ನೊಂದಕ್ಕೆ ತಾನೇ ಬಾಯಿಲೆಕ್ಕ ಹಾಕಿ, ಮುಖ ಕಪ್ಪಿಟ್ಟು, ಬೀಗರನ್ನು ಅಲ್ಲೇ ಬಿಟ್ಟು ಬೈಕು ಹತ್ತುತ್ತಾನೆ. ಹೊಳೆದಂಡೆಯ ಮೋಟರು ಬಿಚ್ಚಿ ಮೇಲೆ ಎಳೆಯಬೇಕಲ್ಲ! ಬಸ್ಸಿನಲ್ಲಿ ಮರಳುವ ಬೀಗರು ಲೋಳಸೂರ ಸೇತುವೆಯ ಮೇಲೆ ನೀರು ಬಂತೋ ಏನೋ ಎಂದು ಅವನಿಗೇ ಫೋನು ಹಚ್ಚುತ್ತಾರೆ. ಮೊಣಕಾಲುದ್ದ ರಾಡಿಯಲ್ಲಿ ನಿಂತು, ಹೆಗಲ ಮೇಲೆ ಪೈಪು ಹೊತ್ತವನು ಅಂಕಿಯನ್ನು ಸರಿಯಾಗಿಯೇ ಹೇಳುತ್ತಾನೆ.

“ಮುಂಜಾನಿ ನೀವ ಬೇಡಕೊಂಡಿದ್ರಿ, ಸಂಜಿಗೆ ದೇವರು ಮನಿಮಟಾ ಕೊಟ್ಟ” ಎನ್ನುತ್ತಾಳೆ ಕಾಕು.

2019ರ ಆಗಸ್ಟ್‌ನಲ್ಲಿ ಮಾತ್ರ ಈ ಮಾತನ್ನು ಅವಳೂ ಆಡಲಿಲ್ಲ. ಆ ವರ್ಷ ಘಟಪ್ರಭೆ ಗೋಕಾಕ ಪಟ್ಟಣದೊಳಕ್ಕೇ ನುಗ್ಗಿದ್ದಳು. ಎಂಟು ದಿನ ಕಾಕಾನಿಂದ ಮೆಸೇಜು ಬರಲಿಲ್ಲ. ಅಲ್ಲಿಯವರೆಗೆ ಅವನ ಅಂಕಿಗಳನ್ನು ಓದದೇ ಅಳಿಸುತ್ತಿದ್ದ ನಾವೆಲ್ಲ ತಾಸಿಗೊಮ್ಮೆ ಮೊಬೈಲು ತೆಗೆದು ನೋಡುತ್ತಿದ್ದೆವು. ಒಂಬತ್ತನೆಯ ದಿನ “ಇಳಿಯಾಕತ್ತೈತಿ” ಎಂದು ಒಂದೇ ಶಬ್ದ ಬಂತು, ಅಂಕಿ ಇರಲಿಲ್ಲ.

   

ಹೋದ ಏಪ್ರಿಲ್ ಕೊನೆಗೆ ಅಳಿಯ ರಜೆಗೆ ಬಂದ, ಜೊತೆಗೆ ಒಬ್ಬ ಜಪಾನಿ ಗೆಳೆಯ. ಸುಡುಬಿಸಿಲು. ಫಾಲ್ಸಿನಲ್ಲಿ ಹನಿ ನೀರಿಲ್ಲ. ಯಾರಾದರೂ ಆಗಿದ್ದರೆ ಬೇರೆ ಕಡೆ ಕರೆದೊಯ್ಯುತ್ತಿದ್ದರು. ಕಾಕಾ ತನ್ನ ಎಂದಿನ ಜಾಗದಲ್ಲೇ ಅವರನ್ನು ನಿಲ್ಲಿಸಿ, ಬಂಡೆಯ ಮೇಲೆ ಬೆರಳಾಡಿಸುತ್ತ ನೀರು ಬಿಡತೊಡಗಿದ: “ಇಲ್ಲಿಂದ ಇಲ್ಲೀಮಟಾ ನೀರು ಅಂತ ತಿಳಕೋರಿ. ಹಿಂದಕ ಸರೀರಿ, ಹನಿ ಹೊಡೀತಾವ!” ಅಳಿಯ ಜಪಾನಿಯಲ್ಲಿ ಹೇಳಿದ್ದೇ ತಡ, ಆ ಪುಣ್ಯಾತ್ಮ ನಿಜಕ್ಕೂ ಎರಡು ಹೆಜ್ಜೆ ಹಿಂದೆ ಸರಿದು ತಲೆಬಾಗಿದ. ಕಾಕಾನಿಗೆ ಅಷ್ಟು ಶಿಸ್ತಿನ ಬೀಗ ಈವರೆಗೆ ಸಿಕ್ಕಿರಲಿಲ್ಲ.

“ಇವರ ಗುಡ್ಡ ಬ್ಯಾಸಗ್ಯಾಗ ಹ್ಯಾಂಗ ಕಾಣತೈತಿ, ಕೇಳು.”

ಗೆಳೆಯ ಮೊಬೈಲು ತೆಗೆದು ತೋರಿಸಿದ. ಹಸಿರು ಹುಲ್ಲು, ಮೇಲೆ ಯಾರೂ ಕೂರದೆ ತೂಗುವ ಲಿಫ್ಟಿನ ಖಾಲಿ ಕುರ್ಚಿಗಳು. ಕಾಕಾ ಅದನ್ನು ಬಹಳ ಹೊತ್ತು ನೋಡಿ, ತನ್ನ ಮೊಬೈಲು ತೆಗೆದು ಹೋದ ವರ್ಷದ ಆಗಸ್ಟಿನ ವಿಡಿಯೊ ಹಚ್ಚಿ ಅವನ ಕಿವಿಗೆ ಹಿಡಿದ. ನಡುಬಿಸಿಲಿನಲ್ಲಿ ಮೂವರೂ ತಲೆ ಕೂಡಿಸಿ ನೀರಿನ ಸಪ್ಪಳ ಕೇಳಿದರು.

ಅಂದು ರಾತ್ರಿ, ಹೊತ್ತಲ್ಲದ ಹೊತ್ತಿನಲ್ಲಿ, ನಮಗೆಲ್ಲ ಮೆಸೇಜು ಬಂತು: “ಫಾಲ್ಸ್: 0 ಕ್ಯೂಸೆಕ್. ಜಪಾನ್ ಒಳಹರಿವು: 2.”